ಯಾಜಕಕಾಂಡ ಮುಗಿದ ಮೇಲೆ: ದಿನದ ವೇದಪಾಠದ ಪ್ರಗತಿ ವರದಿ

ಸತ್ಯವೇದದ, ಅಂದರೆ ಬೈಬಲಿನ, ಮೂರನೆಯ ಪುಸ್ತಕವಾದ ಯಾಜಕಕಾಂಡದ 27 ಅಧ್ಯಾಯಗಳ ಓದು ಈ ವಾರ ಮುಗಿಯಿತು. ಸತ್ಯವೇದವನ್ನು ಮೊದಲಿನಿಂದ ಓದಲು ಹೊರಟವರು ಸಾಮಾನ್ಯವಾಗಿ ಕೈಚೆಲ್ಲುವುದು ಈ ಪುಸ್ತಕದಲ್ಲಿಯೇ ಎಂದು ಹೇಳುವುದುಂಟು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಇದುವರೆಗೆ ಅತಿ ಹೆಚ್ಚು ಪುಟಗಳನ್ನು ತುಂಬಿಸಿದ ಭಾಗ ಇದೇ ಆಗಿದೆ. ಬೆಳಿಗ್ಗೆ ಓದಿದ ಭಾಗವು ಆ ದಿನದ ನಡತೆಗೆ ಇಳಿಯಬೇಕು, ಇಳಿಯಿತೋ ಇಲ್ಲವೋ ಎಂಬುದು ರಾತ್ರಿ ಬರವಣಿಗೆಯಲ್ಲಿ ದಾಖಲಾಗಬೇಕು ಎಂಬುದಷ್ಟೇ ಈ ಕೆಲಸದ ಉದ್ದೇಶ.

ಓದಿನ ವೇಗದ ವಿಷಯ ಮೊದಲು. ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯಗಳನ್ನು ಓದಬೇಕಾಗುತ್ತದೆ. ಸ್ಕಾಟ್ಲೆಂಡಿನ ಡಂಡೀ ನಗರದ ಕ್ರೈಸ್ತ ಸಭಾಪಾಲಕ (ಪಾದ್ರಿ) ರಾಬರ್ಟ್ ಮರೆ ಮೆಕ್‌ಶೇನ್ 1842ರಲ್ಲಿ ತನ್ನ ಸಭೆಗಾಗಿ ರಚಿಸಿದ ಯೋಜನೆ ಇಂದಿಗೂ ಬಳಕೆಯಲ್ಲಿದ್ದು, ಅದರಂತೆ ನಡೆದರೆ ವರ್ಷಕ್ಕೆ ಹಳೆಯ ಒಡಂಬಡಿಕೆ (ಯೇಸುವಿಗೆ ಮುಂಚಿನ ಪುಸ್ತಕಗಳ ಭಾಗ) ಒಂದು ಬಾರಿ, ಹೊಸ ಒಡಂಬಡಿಕೆ (ಯೇಸುವಿನ ಮತ್ತು ಆತನ ಶಿಷ್ಯರ ಕಾಲದ ಭಾಗ) ಮತ್ತು ಕೀರ್ತನೆಗಳ ಪುಸ್ತಕ ಎರಡು ಬಾರಿ ಮುಗಿಯುತ್ತವೆ. ಆ ಯೋಜನೆಯ ಜೊತೆಗೇ ಆತನು ಅದರ ಅಪಾಯಗಳನ್ನೂ ಬರೆದಿಟ್ಟಿದ್ದಾನೆ: ಓದು ಬರಿಯ ಆಚಾರವಾಗಬಹುದು, ಓದಿದೆನೆಂಬ ಸ್ವನೀತಿ ಬೆಳೆಯಬಹುದು, ಗಮನವಿಲ್ಲದೆ ಪುಟ ತಿರುವುವ ಅಭ್ಯಾಸವಾಗಬಹುದು, ಕೆಲವರಿಗೆ ಅದು ಹೊರಲಾರದ ನೊಗವೂ ಆಗಬಹುದು. ಓದಿದ್ದನ್ನು ನಡೆಸುವುದೇ ಗುರಿಯಾದ್ದರಿಂದ ನಾನು ದಿನಕ್ಕೆ ಹಳೆಯ ಒಡಂಬಡಿಕೆಯ ಒಂದು ಅಧ್ಯಾಯವನ್ನೂ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ಒಂದು ಚಿಕ್ಕ ಭಾಗವನ್ನೂ ಮಾತ್ರ ಇಟ್ಟುಕೊಂಡಿದ್ದೇನೆ. ಹಳೆಯ ಒಡಂಬಡಿಕೆಯ 929 ಅಧ್ಯಾಯಗಳಿಗೆ ಈ ಲೆಕ್ಕದಲ್ಲಿ ಎರಡೂವರೆ ವರ್ಷ ಹಿಡಿಯುತ್ತದೆ, ಹಿಡಿಯಲಿ.

ಟಿಪ್ಪಣಿ ಪುಸ್ತಕದ ಪ್ರತಿ ಪುಟದಲ್ಲಿ ಮೂರು ಸಾಲುಗಳಿಗೆ ಮಾತ್ರ ಜಾಗವಿದೆ. ಈ ಮಾತನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎಂಬುದು ಮೊದಲನೆಯ ಸಾಲು. ದೇವರ ಸ್ವಭಾವದ ಕುರಿತು ಇದರಿಂದ ಏನು ತಿಳಿಯುತ್ತದೆ ಎಂಬುದು ಎರಡನೆಯದು. ಇಂದು ನಾನು ಮಾಡಬೇಕಾದದ್ದೇನು ಎಂಬುದು ಮೂರನೆಯದು. ಮೂರನೆಯ ಸಾಲಿಗೆ ಒಂದು ಕಟ್ಟುಪಾಡು ಇದೆ: ಅದರಲ್ಲಿ ಒಬ್ಬ ವ್ಯಕ್ತಿಯ ಹೆಸರು ಇರಬೇಕು ಮತ್ತು ಆ ಕೆಲಸ ಸೂರ್ಯ ಮುಳುಗುವುದರೊಳಗೆ ಮಾಡಿ ಮುಗಿಸುವಂಥದ್ದಾಗಿರಬೇಕು. ‘ಇನ್ನೂ ಹೆಚ್ಚು ಪ್ರೀತಿಸಬೇಕು’, ‘ತಾಳ್ಮೆ ಕಲಿಯಬೇಕು’ ಎಂಬಂಥ ವಾಕ್ಯಗಳಿಗೆ ಅಲ್ಲಿ ಪ್ರವೇಶವಿಲ್ಲ, ಏಕೆಂದರೆ ಅಂಥವು ನಡೆದವೋ ಇಲ್ಲವೋ ಎಂದು ರಾತ್ರಿ ಹೇಳಲು ಯಾರಿಂದಲೂ ಆಗದು.

ಈ ಕ್ರಮಕ್ಕೆ ಅತ್ಯುತ್ತಮ ಪರೀಕ್ಷೆ ಒದಗಿದ್ದು 19ನೆಯ ಅಧ್ಯಾಯದಲ್ಲಿ. ‘ನಿಮ್ಮ ದೇವರಾದ ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು’ ಎಂಬ ದೊಡ್ಡ ಮಾತಿನಿಂದ ಆರಂಭವಾಗುವ ಆ ಅಧ್ಯಾಯವು ಕೂಡಲೇ ನೆಲಕ್ಕಿಳಿದು, ಹೊಲದ ಮೂಲೆಯ ಪೈರನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬಾರದು, ಕಿವುಡನನ್ನು ಶಪಿಸಬಾರದು, ಚಾಡಿ ಹೇಳುತ್ತಾ ತಿರುಗಬಾರದು, ತಕ್ಕಡಿಯೂ ತೂಕದ ಕಲ್ಲುಗಳೂ ನ್ಯಾಯವಾಗಿರಬೇಕು ಎಂದು ಒಂದೊಂದಾಗಿ ಹೇಳುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಪ್ರಸಿದ್ಧ ಆಜ್ಞೆ ಇರುವುದೂ ಈ ಪಟ್ಟಿಯ ನಡುವೆಯೇ, 18ನೆಯ ವಚನದಲ್ಲಿ. ಪರಿಶುದ್ಧತೆಯನ್ನು ದೇವದರ್ಶನದ ಗುಡಾರದಲ್ಲಿ (ಇಸ್ರಾಯೇಲ್ಯರ ಆರಾಧನೆಯ ಡೇರೆಯಲ್ಲಿ) ಮಾತ್ರ ಹುಡುಕುವವರಿಗೆ ಈ ಅಧ್ಯಾಯ ತಕ್ಕಡಿಯನ್ನು ತೋರಿಸುತ್ತದೆ.

ಇದರ ಜೊತೆಗೆ ಹೊಸ ಒಡಂಬಡಿಕೆಯ ಪತ್ರಗಳಲ್ಲೊಂದಾದ ಯಾಕೋಬನ ಪತ್ರಿಕೆಯ ಐದು ಅಧ್ಯಾಯಗಳನ್ನು ಇಟ್ಟುಕೊಂಡದ್ದು ಬಹಳ ಫಲ ಕೊಟ್ಟಿತು. ಯಾಕೋಬನು 2:8ರಲ್ಲಿ (2ನೆಯ ಅಧ್ಯಾಯದ 8ನೆಯ ವಚನದಲ್ಲಿ) ಅದೇ ಪ್ರೀತಿಯ ಆಜ್ಞೆಯನ್ನು ನೇರವಾಗಿ ಉದ್ಧರಿಸುತ್ತಾನೆ. ಪಕ್ಷಪಾತ, ಚಾಡಿ, ಆಣೆ ಇವೆಲ್ಲದರ ಕುರಿತು ಅವನಾಡುವ ಮಾತುಗಳಿಗೆ ಯಾಜಕಕಾಂಡದ ಆ ಒಂದೇ ಅಧ್ಯಾಯದಲ್ಲಿ ಬೇರುಗಳಿವೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತದೆ ಎಂಬ 5:4ರ ಮಾತಂತೂ ಮೋಶೆಯ ಮೂಲಕ ಬಂದ ಯಾಜಕಕಾಂಡದ ಆಜ್ಞೆಯ ಪ್ರತಿಧ್ವನಿಯಂತೆಯೇ ಕೇಳಿಸುತ್ತದೆ. ಆ ದಿನದ ಮೂರನೆಯ ಸಾಲು ತಾನಾಗಿಯೇ ಬಂದಿತು. ಮರಗೆಲಸ ಮುಗಿಸಿ ಹೋದ ಒಬ್ಬರಿಗೆ ವಾರದ ಕೊನೆಗೆ ಹಣ ಕೊಡುವುದೆಂದು ಮಾತಾಗಿತ್ತು. ಅವರ ಹೆಸರು ಬರೆದು, ಸಂಜೆಯೊಳಗೆ ಕೊಟ್ಟು, ಪಕ್ಕದಲ್ಲಿ ‘ಸಂದಾಯ’ ಎಂದು ಗುರುತು ಹಾಕಿದೆ. ಚಾಡಿಯ ವಚನ ಇಷ್ಟು ಸುಲಭವಾಗಿರಲಿಲ್ಲ. ಮಾಡಬಾರದೆಂಬ ಆಜ್ಞೆಯನ್ನು ಮಾಡುವ ಕೆಲಸವಾಗಿ ಹೇಗೆ ಬರೆಯುವುದು? ಎದುರಿಗಿಲ್ಲದ ಒಬ್ಬರ ಪ್ರಸ್ತಾಪ ಬಂದಾಗ ಅವರ ಬಗ್ಗೆ ನಿಜವಾದ ಒಂದು ಒಳ್ಳೆಯ ಮಾತನ್ನು ಹೇಳುವುದು ಎಂದು ಕೊನೆಗೆ ಬರೆದುಕೊಂಡೆ, ಮತ್ತು ನಿಷೇಧ ರೂಪದ ಆಜ್ಞೆಗಳಿಗೆಲ್ಲ ಈಗ ಇದೇ ಪದ್ಧತಿಯನ್ನು ಅನುಸರಿಸುತ್ತಿದ್ದೇನೆ.

ಕುಷ್ಠವನ್ನು ಕುರಿತ 13 ಮತ್ತು 14ನೆಯ ಅಧ್ಯಾಯಗಳು ಉದ್ದವಾಗಿವೆ. ಅಲ್ಲಿನ ಪ್ರತಿ ಕಲೆಯನ್ನೂ ಪಾಪದ ಒಂದೊಂದು ಬಗೆಯೆಂದು ಬಿಡಿಸಿ ಹೇಳುವ ವಾಡಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ರೋಗಿಯ ಮೇಲೆ ಇಲ್ಲದ ದೋಷವನ್ನು ಹೊರಿಸುವುದಕ್ಕೆ ಅದು ದಾರಿ ಮಾಡುತ್ತದೆ. ಇವುಗಳ ಪಕ್ಕದಲ್ಲಿ ಮಾರ್ಕನ ಸುವಾರ್ತೆಯ 1:40–45 ಓದಿದರೆ ಬೇರೆಯೇ ಬೆಳಕು ಬೀಳುತ್ತದೆ. ಪಾಳೆಯದ ಹೊರಗೆ ಒಂಟಿಯಾಗಿರಬೇಕೆಂದು ಯಾವನ ಕುರಿತು ಬರೆಯಲಾಗಿದೆಯೋ ಅಂಥವನನ್ನು ಯೇಸು ಕೈನೀಡಿ ಮುಟ್ಟಿದನು. ಗುಣವಾದ ಮೇಲೆ ಯಾಜಕನಿಗೆ ತೋರಿಸಿಕೊಂಡು ಮೋಶೆ ಆಜ್ಞಾಪಿಸಿದ್ದನ್ನು ಅರ್ಪಿಸೆಂದು ಕಳುಹಿಸಿದನು. ಆ ಅರ್ಪಣೆಯ ವಿವರವಿರುವುದು ಇದೇ 14ನೆಯ ಅಧ್ಯಾಯದಲ್ಲಿ. ಆ ಸುದ್ದಿ ಹರಡಿದ್ದರಿಂದ ಯೇಸುವೇ ಬಹಿರಂಗವಾಗಿ ಊರೊಳಗೆ ಬರಲಾರದೆ ಹೊರಗೆ ಅಡವಿಯ ಸ್ಥಳಗಳಲ್ಲಿ ಉಳಿದನೆಂದು 45ನೆಯ ವಚನ ಹೇಳುತ್ತದೆ: ಹೊರಗಿದ್ದವನು ಒಳಗೆ ಹೋದನು, ಒಳಗಿದ್ದವನು ಹೊರಗೆ ನಿಂತನು. ಆ ದಿನದ ಸಾಲಿನಲ್ಲಿ, ದೀರ್ಘಕಾಲದ ಕಾಯಿಲೆಯಿಂದ ಆರಾಧನೆಗೆ ಬರಲಾಗದ ಹಿರಿಯರೊಬ್ಬರ ಹೆಸರಿತ್ತು. ಹೋಗಿ ಪಕ್ಕದಲ್ಲಿ ಕುಳಿತು, ಅವರು ಕೇಳಿದ ಕೀರ್ತನೆಯನ್ನು ಓದಿ ಬಂದೆ, ಪ್ರಸಂಗವನ್ನೇನೂ ಮಾಡಲಿಲ್ಲ.

ಯಾಜಕಕಾಂಡದ ಆರನೆಯ ಅಧ್ಯಾಯದ ಮೊದಲ ವಚನಗಳೂ ಮತ್ತಾಯ 5:23–24ರ ಜೊತೆ ಹೀಗೆಯೇ ಹೊಂದುತ್ತವೆ. ಪರರ ಸೊತ್ತನ್ನು ಮೋಸದಿಂದ ಇಟ್ಟುಕೊಂಡವನು ಅದನ್ನು ಐದನೆಯ ಒಂದು ಪಾಲು ಸೇರಿಸಿ ಒಡೆಯನಿಗೆ ಕೊಡಬೇಕು, ಪ್ರಾಯಶ್ಚಿತ್ತಯಜ್ಞವನ್ನೂ ಸಮರ್ಪಿಸಬೇಕು ಎಂದು ಅಲ್ಲಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗೆಂದು ಇಲ್ಲಿದೆ. ದೇವರ ಬಳಿ ಕ್ಷಮೆ ಬೇಡುವುದು ಮನುಷ್ಯನ ಲೆಕ್ಕವನ್ನು ತಪ್ಪಿಸುವ ಅಡ್ಡದಾರಿಯಲ್ಲವೆಂಬುದನ್ನು ಎರಡೂ ಒಪ್ಪುತ್ತವೆ.

ಮೂರನೆಯ ಸಾಲು ಖಾಲಿಯಾಗಿಯೇ ಉಳಿದ ಪುಟಗಳೂ ಇವೆ, ಮತ್ತು ಅವು ಹಾಗೆಯೇ ಇರಲೆಂದು ಬಿಟ್ಟಿದ್ದೇನೆ. ಪ್ರತಿ ವಚನದಿಂದಲೂ ನನಗೊಂದು ಸಂದೇಶವನ್ನು ಹಿಂಡಿ ತೆಗೆಯುವ ಆತುರವು ವಚನಕ್ಕೆ ಅದರ ಸ್ವಂತ ಮಾತನ್ನು ಆಡಲು ಬಿಡುವುದಿಲ್ಲ. ಗೋಡೆಯ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ ಯೆರೆಮೀಯ 29:11 ಇದಕ್ಕೆ ಒಳ್ಳೆಯ ಉದಾಹರಣೆ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಹಿತಕ್ಕಾಗಿಯೇ ಎಂದು ದೇವರು ಹೇಳುವ, ನಿರೀಕ್ಷೆ ತುಂಬಿದ ಆ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ; ಅದರ ಹಿಂದಿನ ವಚನವೇ 70 ವರ್ಷ ಕಾಯಬೇಕೆನ್ನುತ್ತದೆ, ಅದಕ್ಕೂ ಮೊದಲು ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಆಜ್ಞೆಗಳಿವೆ. ಮೂರನೆಯ ಸಾಲಿಗೆ ತಕ್ಕದ್ದು ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಸಭೆಯ ಒಬ್ಬ ಸ್ನೇಹಿತರು ವಾರಕ್ಕೊಮ್ಮೆ ಮೂರನೆಯ ಸಾಲುಗಳನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ‘ಆಯಿತೇ?’ ಎಂಬುದನ್ನು ಬಿಟ್ಟು ಅವರು ಬೇರೇನನ್ನೂ ಕೇಳುವುದಿಲ್ಲ, ಬುದ್ಧಿಮಾತನ್ನಂತೂ ಹೇಳುವುದೇ ಇಲ್ಲ. ಈ ಏರ್ಪಾಡು ನಡೆದುಬಂದಿರುವುದು ಅವರ ಈ ಸಂಯಮದಿಂದಲೇ.

ಮುಂದಿನದು ಸತ್ಯವೇದದ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡ, 36 ಅಧ್ಯಾಯಗಳು. ಜನಗಣತಿಯ ಆರಂಭದ ಅಧ್ಯಾಯಗಳನ್ನು ಬೇಗ ದಾಟಿ, 6:24–26ರ ಆಶೀರ್ವಾದವನ್ನು ದಿನಕ್ಕೊಬ್ಬರ ಹೆಸರು ಹಿಡಿದು ಪ್ರಾರ್ಥಿಸುವುದೆಂದು ಯೋಚಿಸಿದ್ದೇನೆ. ಗೂಢಚಾರರ ವರದಿಯೂ ಜನರ ಗುಣುಗುಟ್ಟುವಿಕೆಯೂ ಇರುವ 13 ಮತ್ತು 14ನೆಯ ಅಧ್ಯಾಯಗಳಿಗೆ ಇಬ್ರಿಯರಿಗೆ ಬರೆದ ಪತ್ರಿಕೆಯ 3 ಮತ್ತು 4ನೆಯ ಅಧ್ಯಾಯಗಳನ್ನು ಜೊತೆಮಾಡಿ ಒಂದು ಇಡೀ ವಾರವನ್ನು ಮೀಸಲಿಟ್ಟಿದ್ದೇನೆ. ಪ್ರತಿದಿನವೂ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎಂದು 3:13 ಹೇಳುವುದರಿಂದ ಆ ವಾರದ ಮೂರನೆಯ ಸಾಲುಗಳಿಗೆ ಬೇಕಾದ ಹೆಸರುಗಳನ್ನು ಈಗಲೇ ಬರೆದುಕೊಳ್ಳುತ್ತಿದ್ದೇನೆ.