ಫತೋರ್ಡಾಕ್ಕೆ ಹೊರಟ ನೀಲಿ ಜೆರ್ಸಿಯವರಿಗೆ

ಫೈನಲ್ ನೋಡೋದಕ್ಕೆ ಊರು, ತಾರೀಖು ಎರಡೂ ಮೊದಲೇ ಗೊತ್ತಿರುತ್ತವೆ. ಲೀಗ್ ಪ್ರಶಸ್ತಿ ಹಾಗಲ್ಲ. ಅದು ಯಾವ ಊರಿನಲ್ಲಿ, ಯಾವ ವಾರ ಕೈಗೆ ಸಿಗುತ್ತದೆ ಅನ್ನೋದು ನಮ್ಮ ತಂಡದ ಅಂಕಗಳ ಮೇಲೆ ಎಷ್ಟೋ, ಬೆನ್ನ ಹಿಂದಿರುವ ತಂಡದ ಅಂಕಗಳ ಮೇಲೂ ಅಷ್ಟೇ ನಿಂತಿರುತ್ತದೆ. ನಮ್ಮ ಬೆಂಗಳೂರು ಎಫ್‌ಸಿ ಮೊದಲ ಐ-ಲೀಗ್ (ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್) ಗೆದ್ದ 2013–14ರಲ್ಲಿ ಮಾರ್ಚ್ ತಿಂಗಳಿಡೀ ನಾವು ಮಾಡಿದ್ದು ಇದೇ ಲೆಕ್ಕ: ಈಸ್ಟ್ ಬೆಂಗಾಲ್ ಇಲ್ಲಿ ಸೋತರೆ, ನಾವು ಅಲ್ಲಿ ಗೆದ್ದರೆ. ಕೊನೆಗೆ ಲೆಕ್ಕ ಬಂದು ನಿಂತದ್ದು ಗೋವಾದ ಮಡಗಾಂವ್ ಪಕ್ಕದ ಫತೋರ್ಡಾದಲ್ಲಿ, ಡೆಂಪೊ ತಂಡದ ಎದುರು, ಲೀಗ್‌ನಲ್ಲಿ ಇನ್ನೊಂದು ಪಂದ್ಯ ಬಾಕಿ ಇರುವಾಗ.

ದಿನ 2014ರ ಏಪ್ರಿಲ್ 21, ಸೋಮವಾರ. ಅದರ ಹಿಂದಿನ ದಿನವೇ ಈಸ್ಟರ್. ಗುಡ್ ಫ್ರೈಡೇ ರಜೆಯೂ ಸೇರಿ ಬೆಂಗಳೂರಿನ ಅರ್ಧ ಜನ ಗೋವಾದ ದಾರಿ ಹಿಡಿದಿದ್ದರು. ಗುರುವಾರವಷ್ಟೇ ಲೋಕಸಭೆಗೆ ವೋಟು ಹಾಕಿದ್ದೆವು. ಬಸ್ಸಿನಲ್ಲಿ ಕೈ ಎತ್ತಿ ಹಾಡುತ್ತಿದ್ದ ನಮ್ಮ ಹುಡುಗರ ಬೆರಳಲ್ಲೆಲ್ಲ ಶಾಯಿ. ಇದನ್ನು ಹೇಳುತ್ತಿರುವುದಕ್ಕೆ ಕಾರಣ ಇದೆ: ಪಂದ್ಯದ ತಾರೀಖು ನೋಡಿದ ಕೂಡಲೇ ಕ್ಯಾಲೆಂಡರಿನಲ್ಲಿ ಅದರ ಅಕ್ಕಪಕ್ಕದ ರಜೆಗಳನ್ನೂ ನೋಡಿ. ಫುಟ್‌ಬಾಲ್ ಗೊತ್ತಿಲ್ಲದವರೂ ನಿಮ್ಮ ಸೀಟಿಗೆ ಪೈಪೋಟಿಗಿರುತ್ತಾರೆ.

ಬೆಂಗಳೂರಿನಿಂದ ಫತೋರ್ಡಾಕ್ಕೆ ಪಂದ್ಯ ನೋಡಲು ಹೋಗುವುದಾದರೆ ರೈಲೇ ನನ್ನ ಮೊದಲ ಆಯ್ಕೆ. ಯಶವಂತಪುರ–ವಾಸ್ಕೋ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಲೋಂಡಾ ಮೇಲೆ ಹೋಗಿ ನಿಮ್ಮನ್ನು ಮಡಗಾಂವ್‌ನಲ್ಲೇ ಇಳಿಸುತ್ತದೆ. ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಘಾಟಿ 37 ಅಡಿಗೆ ಒಂದಡಿ ಇಳಿಜಾರು, ಹೆಚ್ಚುವರಿ ಎಂಜಿನ್ ಜೋಡಿಸಿಕೊಂಡೇ ದಾಟಬೇಕು. ಆದರೆ ಆ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ, ದೂಧ್‌ಸಾಗರ ಕಾಣುವ ಆಸೆ ಬಿಟ್ಟುಬಿಡಿ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಪಂದ್ಯದ ತಾರೀಖು ಅಷ್ಟರೊಳಗೆ ಬದಲಾಗುವುದೂ ಉಂಟು, ಹಾಗಾಗಿ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮನ್ನೇ ಹಿಡಿಯಿರಿ.

ಬಸ್ಸಾದರೆ ಹನ್ನೆರಡು ಗಂಟೆಗೂ ಮೇಲೆ. ಯಾವ ದಾರಿ ಅಂತ ಕೇಳಿಯೇ ಹತ್ತಿ. ಯಲ್ಲಾಪುರ, ಅಂಕೋಲಾ, ಕಾರವಾರದ ಮೇಲೆ ಹೋಗುವ ಬಸ್ಸಿಗೆ ಪಣಜಿಗಿಂತ ಮೊದಲು ಮಡಗಾಂವ್ ಸಿಗುತ್ತದೆ. ಅನ್ಮೋಡ್ ಘಾಟಿ ಇಳಿದು ಪಣಜಿಗೆ ಹೋಗುವ ಬಸ್ಸಾದರೆ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಅರಬೈಲ್ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹುಬ್ಬಳ್ಳಿಯಲ್ಲಿ ಊಟ ಹಗುರ ಮಾಡಿ. ವಿಮಾನದವರು ದಾಬೋಲಿಂಗೇ ಟಿಕೆಟ್ ತೆಗೆಯಿರಿ. ಮೋಪಾ ಗೋವಾದ ಉತ್ತರದ ತುದಿ. ಐನೂರು ರೂಪಾಯಿ ಕಡಿಮೆ ಅಂತ ಅಲ್ಲಿ ಇಳಿದರೆ ಅದರ ಎರಡು-ಮೂರು ಪಟ್ಟು ಟ್ಯಾಕ್ಸಿಗೆ ಸುರಿಯುತ್ತೀರಿ.

ಗೋವಾ ಅಂದ ಕೂಡಲೇ ಗೆಳೆಯರು ಬಾಗಾ, ಕಲಂಗುಟ್ ಅನ್ನುತ್ತಾರೆ. ಪಂದ್ಯಕ್ಕೆ ಹೋಗುವವರಿಗೆ ಅದು ಸಲ್ಲದು. ಪಂದ್ಯ ಮುಗಿಯುವುದು ರಾತ್ರಿ ಒಂಬತ್ತೂವರೆಗೆ, ಅಷ್ಟು ಹೊತ್ತಿಗೆ ಉತ್ತರಕ್ಕೆ ಬಸ್ಸು ಸಿಗುವ ಭರವಸೆ ಇಲ್ಲ. ಮಡಗಾಂವ್‌ನಲ್ಲೇ ಇರಿ, ಕಡಲೇ ಬೇಕೆಂದರೆ ಕೋಲ್ವಾ, ಬೆನೌಲಿಂ ಹತ್ತಿರ. ಕದಂಬ ಬಸ್ ನಿಲ್ದಾಣದಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಭಾಷೆಯ ಚಿಂತೆ ಬೇಡ, ನಿಲ್ದಾಣದ ಸುತ್ತ ಹತ್ತು ಹೆಜ್ಜೆಗೊಮ್ಮೆ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ಬೆಳಿಗ್ಗೆ ಭಾಜಿ-ಪಾವ್, ರಾತ್ರಿ ಗಾಡಿಯಲ್ಲಿ ರೋಸ್ ಆಮ್ಲೆಟ್. ಆಮ್ಲೆಟ್ ಮೇಲೆ ಕೋಳಿ ಸಾರು ಸುರಿದೇ ಕೊಡುತ್ತಾರೆ, ಸಸ್ಯಾಹಾರಿಗಳು ಕೇಳಿಕೊಳ್ಳಿ.

ಬಾವುಟ, ಡೋಲು ಒಯ್ಯುವುದಾದರೆ ಅಭಿಮಾನಿ ಬಳಗದ ಮೂಲಕ ಮೊದಲೇ ಅನುಮತಿ ಪಡೆಯಿರಿ. ಗೇಟಿನಲ್ಲಿ ನಿಂತು ವಾದ ಮಾಡಿದರೆ ಮೊದಲ ಹದಿನೈದು ನಿಮಿಷ ಹೋಯಿತು. ನೀರಿನ ಬಾಟಲಿ, ಪವರ್ ಬ್ಯಾಂಕ್, ಕೆಲವು ಸಲ ಚಿಲ್ಲರೆ ನಾಣ್ಯವನ್ನೂ ಒಳಗೆ ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ಹೋಗುವವರಿಗೆ ಬೆವರಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಇನ್ನೊಂದು ಜೊತೆ ಬಟ್ಟೆ ಇರಲಿ.

ಇನ್ನು ಆ ಸೀಸನ್. 2013ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅಶೋಕನಗರದ ಪುಟ್ಟ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ಜೊತೆ 1–1 ಡ್ರಾದಿಂದ ಶುರುವಾದ ತಂಡಕ್ಕೆ ಚರಿತ್ರೆಯೇ ಇರಲಿಲ್ಲ. ಕೆಳಗಿನ ಡಿವಿಷನ್‌ನಿಂದ ಆಡಿ ಬಂದದ್ದಲ್ಲ, ನೇರ ಪ್ರವೇಶ. ‘ಕಂಪನಿ ಟೀಮು’ ಅಂತ ಮೂಗು ಮುರಿದವರಲ್ಲಿ ಆಸ್ಟಿನ್ ಟೌನ್, ಗೌತಮಪುರದ ಹಳೆಯ ಆಟಗಾರರೂ ಇದ್ದರು. ಅವರ ಸಿಟ್ಟು ಸುಳ್ಳಲ್ಲ: ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಎರಡು ಸಲ ಸತತವಾಗಿ ಗೆದ್ದ 1960ರ ದಶಕದ ಮೈಸೂರು ರಾಜ್ಯ ತಂಡವನ್ನು ಊರು ಮರೆತೇ ಬಿಟ್ಟಿತ್ತು. ಅವರನ್ನು ಒಲಿಸಿದ್ದು ಜಾಹೀರಾತಲ್ಲ, ಕೋಚ್ ಆಷ್ಲೇ ವೆಸ್ಟ್‌ವುಡ್ ತಂಡವನ್ನು ಓಡಿಸಿದ ರೀತಿ. ಎಂಬತ್ತನೇ ನಿಮಿಷದಲ್ಲಿ ಎದುರಾಳಿ ಸೊಂಟಕ್ಕೆ ಕೈ ಕೊಟ್ಟು ನಿಂತಿರುವಾಗ ನಮ್ಮವರು ಇನ್ನೂ ಓಡುತ್ತಿದ್ದರು. ನಾಯಕ ಸುನಿಲ್ ಛೆಟ್ರಿಯ 14 ಗೋಲು, ಶಾನ್ ರೂನಿಯ 11 ಎಲ್ಲರಿಗೂ ನೆನಪಿವೆ. ನನ್ನ ಲೆಕ್ಕದಲ್ಲಿ ಪ್ರಶಸ್ತಿ ತಂದದ್ದು ಡಿಫೆನ್ಸ್‌ನ ನಡುವೆ ನಿಂತ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಜೋಡಿ.

ಫತೋರ್ಡಾದಲ್ಲಿ ಎದುರಿಗಿದ್ದದ್ದು ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ಡೆಂಪೊ. ಛೆಟ್ರಿ ಒಂದು ಕಾಲಕ್ಕೆ ಅವರ ಜೆರ್ಸಿಯನ್ನೂ ತೊಟ್ಟವರು. ಪಂದ್ಯ 4–2. ಮೊದಲ ವರ್ಷವೇ ಚಾಂಪಿಯನ್! ಕೊನೆಯ ಸೀಟಿ ಆದ ಮೇಲೆ ಅಪರಿಚಿತರನ್ನೆಲ್ಲ ತಬ್ಬಿಕೊಂಡೆವು. ಗೋವಾದ ಹಿರಿಯರು ಕೆಲವರು ಬಂದು ಕೈ ಕುಲುಕಿದರು. ಆ ಊರಿಗೆ ಫುಟ್‌ಬಾಲ್ ಹೊಸದಲ್ಲ, ಸೋತಾಗ ಹೇಗಿರಬೇಕೆಂದು ಅವರಿಗೆ ಗೊತ್ತು. ಅಲ್ಲಿ ಕೂತು ಅವರ ತಂಡವನ್ನು ಬೈಯುವ ಹಾಡು ಹಾಡಬೇಡಿ, ನಮ್ಮದೇ ಹಾಡು ಬೇಕಾದಷ್ಟಿವೆ. 2023ರ ಮಾರ್ಚ್‌ನಲ್ಲಿ ಇದೇ ಮೈದಾನದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲನ್ನು ಪೆನಾಲ್ಟಿಯಲ್ಲಿ ಕಳೆದುಕೊಂಡಾಗ ನಮಗೂ ಆ ಪಾಠ ಆಯಿತು.

ಹಿಂದಿರುಗುವ ಟಿಕೆಟ್ ಅದೇ ರಾತ್ರಿಗೆ ಬೇಡ. ವಾಸ್ಕೋದಿಂದ ರಾತ್ರಿ ಹೊರಡುವ ರೈಲು ಲೆಕ್ಕಕ್ಕೆ ಸರಿಹೊಂದುವಂತೆ ಕಾಣುತ್ತದೆ, ಆದರೆ ಗೆದ್ದರೆ ಆಟಗಾರರು ಗ್ಯಾಲರಿಯ ಬಳಿ ಬರುತ್ತಾರೆ, ನೀವು ಗಡಿಯಾರ ನೋಡುತ್ತಾ ನಿಲ್ಲಬೇಕಾಗುತ್ತದೆ. ಮರುದಿನಕ್ಕೆ ತೆಗೆಯಿರಿ, ಆಫೀಸಿಗೆ ಎರಡು ದಿನದ ರಜೆ ಮೊದಲೇ ಬರೆದುಕೊಡಿ. ಜ್ವರ ಅಂತ ಮಾತ್ರ ಬರೆಯಬೇಡಿ, ಟಿವಿ ಕ್ಯಾಮೆರಾ ನಮ್ಮ ಸ್ಟ್ಯಾಂಡನ್ನೇ ಹೆಚ್ಚು ತೋರಿಸುತ್ತದೆ.