ಜಪ್ತಿಯಾದ ಡಬ್ಬಿಗಳು ಅಂಗಡಿಯಲ್ಲೇ ಏಕೆ ಉಳಿಯುತ್ತವೆ?

ಶಿರಸಿಯಲ್ಲಿ ಕಿರಾಣಿ ಅಂಗಡಿ, ಹೋಟೆಲ್, ಹೋಮ್‌ಸ್ಟೇಗಳವರಿಗೆ ಆಹಾರ ಪರವಾನಗಿಯ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಹಾಗಾಗಿ ಎಲ್ಲೇ ಜಪ್ತಿಯ ಸುದ್ದಿ ಬಂದರೂ ಜನ ನನ್ನನ್ನೇ ಹಿಡಿಯುತ್ತಾರೆ: “ಕೆಟ್ಟ ತರಕಾರಿ ಡಬ್ಬಿ ಹಿಡಿದರಂತೆ. ಆದರೆ ಮಾಲು ಅದೇ ಗೋದಾಮಿನಲ್ಲಿದೆಯಲ್ಲ ಮಾರಾಯರೇ, ಒಳಗೊಳಗೇ ಏನೋ ಮುಗಿಸಿಕೊಂಡರೇ?”

ಮಾಲು ಅಲ್ಲೇ ಇದೆ ಎಂಬ ಒಂದೇ ಕಾರಣಕ್ಕೆ ಅನುಮಾನ ಬೇಡ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 38ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ಅಧಿಕಾರಿ ಮಾದರಿ ತೆಗೆದು, ಉಳಿದದ್ದನ್ನು ಅದೇ ವ್ಯಾಪಾರಿಯ ವಶಕ್ಕೆ ಒಪ್ಪಿಸಿ, ಬೇಕಿದ್ದರೆ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಕೋಣೆ ಅವನದು, ಬಾಡಿಗೆಯೂ ಅವನದು. ಡಬ್ಬಿ ಮುಟ್ಟುವ ಹಕ್ಕು ಮಾತ್ರ ಅವನಿಗಿಲ್ಲ. ಅನುಮತಿಯಿಲ್ಲದೆ ಸಾಗಿಸಿದರೆ, ತಿದ್ದಿದರೆ 60ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ.

ಅಮೆರಿಕದಲ್ಲಿ ಇದು ಇನ್ನೂ ವಿಚಿತ್ರ. ಅಲ್ಲಿ ಸರ್ಕಾರ ಮಾಲಿನ ಮೇಲೆಯೇ ದಾವೆ ಹೂಡುತ್ತದೆ. 1956ರ ಒಂದು ತೀರ್ಪಿನಲ್ಲಿ ಸರ್ಕಾರದ ಎದುರಾಳಿ ಯಾರು ಗೊತ್ತೇ? ‘ಹೆಚ್ಚುಕಡಿಮೆ 1,500 ಪೆಟ್ಟಿಗೆ ಟೊಮೆಟೊ ಪೇಸ್ಟ್’! ನಮ್ಮಲ್ಲಿ ಉತ್ತರ ಕೊಡಬೇಕಾದವನು ವ್ಯಾಪಾರಿಯೇ.

ಜಪ್ತಿಯಾದ ಮಾತ್ರಕ್ಕೆ ಅವನು ತಪ್ಪಿತಸ್ಥನಲ್ಲ. ಮಾದರಿಯನ್ನು ಸಾಮಾನ್ಯವಾಗಿ ನಾಲ್ಕು ಭಾಗ ಮಾಡುತ್ತಾರೆ: ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ (ಇಲಾಖೆಯ ಮೇಲಧಿಕಾರಿ, ಡೆಸಿಗ್ನೇಟೆಡ್ ಆಫೀಸರ್), ನಾಲ್ಕನೆಯದು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ. ಈ ನಾಲ್ಕನೆಯ ಭಾಗವನ್ನು ಕೇಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಕೇಳುವವರು ಕಡಿಮೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರು ಒಪ್ಪಿದರೆ ಮಾದರಿ ಮೈಸೂರಿನ ಸಿಎಫ್‌ಟಿಆರ್‌ಐನಂಥ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ರೆಫರಲ್ ಪ್ರಯೋಗಾಲಯಕ್ಕೆ, ಅಂದರೆ ಮರುಪರೀಕ್ಷೆಗೆ ಹೋಗುತ್ತದೆ. ಸುಮ್ಮನೆ ಕಿರುಕುಳ ಕೊಡಲು ಜಪ್ತಿ ಮಾಡಿದ ಅಧಿಕಾರಿಗೂ 39ನೇ ಸೆಕ್ಷನ್‌ನಲ್ಲಿ 1 ಲಕ್ಷದವರೆಗೆ ದಂಡವಿದೆ.

“ಒಂದು ಡಬ್ಬಿ ಒಡೆದು ಮೂಸಿ ನೋಡಿದರೆ ತಿಳಿಯುವುದಿಲ್ಲವೇ?” ಎಂದು ಕೇಳುವವರೂ ಇದ್ದಾರೆ. ತಿಳಿಯುವುದಿಲ್ಲ. ಅಣಬೆ, ಬೇಬಿಕಾರ್ನ್, ಬೀನ್ಸ್‌ನಂಥ ಹುಳಿಯಿಲ್ಲದ ತರಕಾರಿಯ ಡಬ್ಬಿಯಲ್ಲಿ ಗಾಳಿಯಿಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಅದರ ಬೀಜಾಣು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಕಾರ್ಖಾನೆಯಲ್ಲಿ ಒತ್ತಡದ ಹಬೆಯಲ್ಲಿ 121 ಡಿಗ್ರಿಯ ಆಸುಪಾಸಿಗೆ ಏರಿಸುವುದು ಇದಕ್ಕಾಗಿ. ಅಲ್ಲಿ ಎಡವಿದರೆ ಹುಟ್ಟುವ ವಿಷ ನರಗಳನ್ನು ಹಿಡಿಯುತ್ತದೆ, ಅದಕ್ಕೆ ವಾಸನೆ ಇರಲೇಬೇಕೆಂದಿಲ್ಲ. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಈ ಭಯವಿಲ್ಲ, ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು. ಬನವಾಸಿಯ ಅನಾನಸಿನ ಹೋಳುಗಳಿಗೂ ಅದೇ ಹುಳಿಯ ಕಾವಲು.

ಕಾರವಾರ, ಗೋಕರ್ಣದ ಕಡೆ ಪ್ರವಾಸಿಗರ ಅಡುಗೆಗೆಂದು ಇಂಥ ದೊಡ್ಡ ಡಬ್ಬಿಗಳು ಬರುತ್ತವೆ. ಕಡಲ ಉಪ್ಪುಗಾಳಿಗೆ ಅಂಚು ತುಕ್ಕು ಹಿಡಿದರೆ ಒಳಗಿನದು ಕೆಡಲು ಸೂಜಿಮೊನೆಯಷ್ಟು ತೂತು ಸಾಕು. ಮುಚ್ಚಳದ ನಡುವೆ ಹೆಬ್ಬೆರಳು ಒತ್ತಿ: ಟಕ್ಕೆಂದು ಒಳಗೆ ಹೋಗಿ ಮತ್ತೆ ಎದ್ದುಬಂದರೆ ಕೊಳ್ಳಬೇಡಿ.

ಸೀಲು ಹಾಕಿಟ್ಟ ಡಬ್ಬಿಯೇ ಉಬ್ಬಿ ಸೋರತೊಡಗಿದರೆ? ನಾಲ್ಕು ಜನರಿಗೆ ಒಳ್ಳೆಯದಾಗಲೆಂದು ವ್ಯಾಪಾರಿ ಅದನ್ನು ತಾನೇ ಹೂತುಹಾಕುವಂತಿಲ್ಲ. ಫೋಟೊ ತೆಗೆದು, ಬ್ಯಾಚ್ ಸಂಖ್ಯೆ ಬರೆದು ಅಧಿಕಾರಿಗೆ ಅರ್ಜಿ ಕೊಡಬೇಕು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಬೇಕು.