ಬಫಿಂಗ್ ಪ್ಯಾಡಿನ ಮೇಲೆ ಕಂಡ ಕಪ್ಪು

ಬಿಳಿಯ ಉಣ್ಣೆ ಪ್ಯಾಡಿನ ಅಂಚಿನಲ್ಲಿ ಬೆರಳಗಲದ ಕಪ್ಪು ಕಾಣಿಸಿದ ಕ್ಷಣದಲ್ಲೇ ನಾನು ಪಾಲಿಶ್ ಮಾಡುವ ಮಿಷನ್ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ. ಕಪ್ಪು ಕಾರನ್ನು ಉಜ್ಜಿದರೆ ಪ್ಯಾಡಿಗೆ ಕಪ್ಪು ಹತ್ತುವುದು ಸಹಜವೆಂದು ನನ್ನ ಕೈಗೆ ರೂಢಿಯಾಗಿತ್ತು. ಏಕೆಂದರೆ ನಾನು ಈ ಕೆಲಸ ಕಲಿತದ್ದು ಅಂಬಾಸಡರ್ ಮತ್ತು ಹಳೆಯ ಮಾರುತಿ 800 ಕಾರುಗಳ ಮೇಲೆ. ನಮ್ಮಲ್ಲಿಗೆ ಬರುತ್ತಿದ್ದ ಅಂಥ ಕಾರುಗಳ ಸಾದಾ ಬಣ್ಣದ ಮೇಲೆ ಬೇರೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರುತ್ತಿರಲಿಲ್ಲವಾದ್ದರಿಂದ ಕಾಂಪೌಂಡ್ (ಉಜ್ಜುವ ಪುಡಿ ಬೆರೆತ ದ್ರವ) ಹಾಕಿ ಉಜ್ಜಿದೊಡನೆ ಬಣ್ಣವೇ ಪ್ಯಾಡಿಗೆ ಬರುತ್ತಿತ್ತು. ಅಂದು ಮುಂದೆ ನಿಂತಿದ್ದುದು ಬೇಸ್ ಕೋಟ್ ಎಂಬ ಬಣ್ಣದ ಪದರ ಮತ್ತು ಅದರ ಮೇಲೆ ಕ್ಲಿಯರ್ ಕೋಟ್ ಇದ್ದ ಕಪ್ಪು ಸೆಡಾನ್. ಅಂಥ ಕಾರಿನಿಂದ ಪ್ಯಾಡಿಗೆ ಬರಬೇಕಾದದ್ದು ಮಾಸಲು ಬಿಳಿ. ಕಪ್ಪು ಬಂತೆಂದರೆ ಕ್ಲಿಯರ್ ಮುಗಿದು, ಅಡಿಯ ಬಣ್ಣ ಏಳತೊಡಗಿದೆ ಎಂದು ಅರ್ಥ. ಪ್ಯಾಡನ್ನು ಎತ್ತಿ ನೋಡಿದಾಗ ಬಾನೆಟ್ಟಿನ ಏಣಿನ ಮೇಲೆ ಹುಣಸೆ ಬೀಜದಗಲದ ಒಂದು ಮಂಕು ಪಟ್ಟೆ ಕಾಣಿಸಿತು; ಎಷ್ಟು ಒರೆಸಿದರೂ ಅದಕ್ಕೆ ಹೊಳಪು ಬರಲಿಲ್ಲ.

ಆ ಬಾನೆಟ್ಟನ್ನು ಪೂರ್ತಿ ಮರಳಿ ಪೇಂಟ್ ಮಾಡಬೇಕಾಯಿತು. ಎರಡು ದಿನದ ಕೆಲಸವೂ ಸಾಮಾನಿನ ಖರ್ಚೂ ನನ್ನ ತಲೆಯ ಮೇಲೆಯೇ ಬಂದವು. ಕಾರಿನ ಯಜಮಾನರು ಸಂಭಾವಿತರು, ಜೋರು ಮಾಡಲಿಲ್ಲ. "ನೀವೇ ಹೇಳಿದ್ರಿ, ಬರೀ ಪಾಲಿಶ್ ಸಾಕು ಅಂತ" ಎಂದಷ್ಟೇ ಹೇಳಿದರು.

ತಪ್ಪು ಎಲ್ಲಿ ಆಯಿತೆಂದು ಹುಡುಕುತ್ತ ಹೋದಾಗ ಅದು ಕೈಯ ಭಾರಕ್ಕಿಂತ ಹೆಚ್ಚಾಗಿ ಬಾಟಲಿಯೊಳಗಿನ ಪುಡಿಗೆ ಸಂಬಂಧಿಸಿದ್ದೆಂದು ತಿಳಿಯಿತು. ನನಗೆ ಕೆಲಸ ಕಲಿಸಿದ ಉಸ್ತಾದರದು ಒಂದೇ ಪಾಠ: "ಹಾಲಿನಂಗೆ ಇರೋದು ಎಣ್ಣೆ ಥರ ಆಗೋವರ್ಗೂ ಬಿಡಬೇಡ ಮಗಾ." ಕಾಂಪೌಂಡನ್ನು ಹಚ್ಚಿದಾಗ ಅದು ಹಾಲಿನಂತೆ ಬೆಳ್ಳಗಿರುತ್ತದೆ, ಮಿಷನ್ ಆಡಿಸುತ್ತ ಹೋದಂತೆ ತೆಳುವಾಗಿ, ಕೊನೆಗೆ ಎಣ್ಣೆ ಸವರಿದಂತೆ ಪಾರದರ್ಶಕವಾಗುತ್ತದೆ. ಅಲ್ಲಿಯವರೆಗೆ ಮುಂದುವರಿಸದಿದ್ದರೆ ಮೇಲ್ಮೈ ಮಂಜು ಕವಿದಂತೆ ಉಳಿಯುತ್ತದೆ. ಅವರು ಬಳಸುತ್ತಿದ್ದ ಕಾಂಪೌಂಡಿಗೆ ಈ ಮಾತು ನೂರಕ್ಕೆ ನೂರು ಸರಿಯಾಗಿತ್ತು. ನಾನು ಅದನ್ನು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಆ ವಾರವಷ್ಟೇ ತಂದಿದ್ದ ಬೇರೆಯದೇ ಜಾತಿಯ ಕಾಂಪೌಂಡಿಗೂ ಅನ್ವಯಿಸಿದೆ.

ಎರಡೂ ಬಾಟಲಿಗಳ ಸುರಕ್ಷತಾ ಮಾಹಿತಿ ಪತ್ರಗಳನ್ನು ತರಿಸಿಕೊಂಡು ಮೂರನೆಯ ವಿಭಾಗ ನೋಡಿದೆ. ಸಾಮಗ್ರಿಗಳ ವಿವರ ಇರುವುದು ಅಲ್ಲಿಯೇ. ಎರಡರಲ್ಲೂ ಅಲ್ಯುಮಿನಿಯಂ ಆಕ್ಸೈಡ್, ಎರಡರಲ್ಲೂ ಪೆಟ್ರೋಲಿಯಂ ಮೂಲದ ದ್ರಾವಕ. ಕಾಗದದ ಮೇಲೆ ಅಣ್ಣತಮ್ಮಂದಿರಂತಿದ್ದ ಇವು ಬಾನೆಟ್ಟಿನ ಮೇಲೆ ಅಷ್ಟು ಬೇರೆಯಾಗಿ ನಡೆದುಕೊಂಡದ್ದೇಕೆಂಬುದು ಆ ಪತ್ರದಿಂದ ಗೊತ್ತಾಗುವಂಥದ್ದಲ್ಲ. ಅಲ್ಯುಮಿನಿಯಂ ಆಕ್ಸೈಡ್ ಎಂದರೆ ಮೂಲತಃ ನಮ್ಮ ಹಿರಿಯರಿಗೆ ಪರಿಚಯವಿದ್ದ ಕುರಂದವೇ. ಸಾಣೆ ಹಿಡಿಯುವವರು ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದ ಕಾಲವಿತ್ತು. ಇಂದು ಅದೇ ವಸ್ತುವನ್ನು ಬಾಕ್ಸೈಟ್ ಅದಿರಿನಿಂದ ತೆಗೆದು, ಸುಟ್ಟು, ಬೇಕಾದ ಗಾತ್ರಕ್ಕೆ ಅರೆಯುತ್ತಾರೆ. ಮೋಸ್ ಮಾಪಕದಲ್ಲಿ ಇದರ ಗಡಸುತನ 9, ವಜ್ರದ್ದು 10. ಆದರೆ ಕಾಂಪೌಂಡಿನಲ್ಲಿ ಗಡಸುತನವೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಒರಟು ಕಾಂಪೌಂಡಿನಲ್ಲೂ ಅತಿ ನುಣುಪು ಪಾಲಿಶಿನಲ್ಲೂ ಇದೇ 9ರ ವಸ್ತುವಿರಬಹುದು; ಕಣದ ಗಾತ್ರ, ಆಕಾರ ಮತ್ತು ಒತ್ತಡ ಬಿದ್ದಾಗ ಅದು ಒಡೆಯುತ್ತದೆಯೋ ಇಲ್ಲವೋ ಎಂಬುದು ಕೆಲಸವನ್ನು ನಿರ್ಧರಿಸುತ್ತದೆ.

ಉಸ್ತಾದರ ಕಾಂಪೌಂಡಿನಲ್ಲಿದ್ದದ್ದು ಒಡೆಯುವ ಕಣ. ಇದನ್ನು ರವೆ ಉಂಡೆಗೆ ಹೋಲಿಸಬಹುದು. ಬಹು ಸಣ್ಣ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಒಂದು ದೊಡ್ಡ ಕಣವಾಗಿರುತ್ತವೆ. ಪ್ಯಾಡಿನ ಒತ್ತಡ ಬಿದ್ದಾಗ ಮೊದಲು ಆ ಉಂಡೆಯೇ ದೊಡ್ಡ ಹಲ್ಲಿನಂತೆ ಕತ್ತರಿಸುತ್ತದೆ, ಬಳಿಕ ಒಡೆಯುತ್ತ ಹೋಗಿ, ತಾನೇ ಮಾಡಿದ ಗೀರನ್ನು ತನ್ನ ಚೂರುಗಳಿಂದಲೇ ನಯಗೊಳಿಸುತ್ತದೆ. ಆದ್ದರಿಂದ ಈ ಜಾತಿಯಲ್ಲಿ ಅರ್ಧಕ್ಕೆ ಬಿಡುವುದು ದೊಡ್ಡ ತಪ್ಪು: ಒಡೆಯದೆ ಉಳಿದ ಉಂಡೆಗಳ ಗೀರುಗಳು ಹಾಗೆಯೇ ನಿಲ್ಲುತ್ತವೆ. ಒಮ್ಮೆಗೇ ಅರ್ಧ ಬಾನೆಟ್ಟಿಗೆ ಹಚ್ಚಿ, ಭಾರ ಹಾಕದೆ ಆಡಿಸುವವರಿಗೂ ಇದೇ ಗತಿ. ಒಡೆಯಲು ಬೇಕಾದಷ್ಟು ಒತ್ತಡ ಯಾವ ಕಣಕ್ಕೂ ಸಿಗುವುದಿಲ್ಲ.

ನಾನು ಹೊಸದಾಗಿ ತಂದದ್ದು ಒಡೆಯದ ಕಣದ್ದು. ಅದರಲ್ಲಿ ಕಣಗಳೆಲ್ಲ ಮೊದಲೇ ಸಣ್ಣವು, ಹೆಚ್ಚುಕಡಿಮೆ ಒಂದೇ ಅಳತೆಯವು, ಉಜ್ಜಿದಂತೆ ಹೆಚ್ಚು ಚಿಕ್ಕದಾಗದಂಥವು. ಮೊದಲ ಸುತ್ತಿನಲ್ಲಿ ಹೇಗೆ ಕತ್ತರಿಸುತ್ತವೆಯೋ, ಜಾರಿಕೆಯ ದ್ರವ ಇರುವವರೆಗೂ ಹತ್ತನೆಯ ಸುತ್ತಿನಲ್ಲೂ ಬಹುಮಟ್ಟಿಗೆ ಹಾಗೆಯೇ ಕತ್ತರಿಸುತ್ತವೆ. ಇಲ್ಲಿ ಕಡಿತವನ್ನು ಹೆಚ್ಚುಕಡಿಮೆ ಮಾಡುವುದು ಪ್ಯಾಡು, ವೇಗ ಮತ್ತು ಕೈಯ ಒತ್ತಡ. ಉಣ್ಣೆಯ ಪ್ಯಾಡಿನಡಿ ಒರಟಾಗಿ ಕೆಲಸ ಮಾಡುವ ದ್ರವವೇ ಮೆತ್ತನೆಯ ಫೋಮಿನಡಿ ನಯವಾದ ಫಿನಿಶ್ ಕೊಡುತ್ತದೆ. ಇನ್ನಷ್ಟು ಹೊತ್ತು ಉಜ್ಜಿದರೆ ಇನ್ನಷ್ಟು ನಯವಾಗುತ್ತದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇನ್ನಷ್ಟು ಕ್ಲಿಯರ್ ಹೋಗುತ್ತದೆ, ಅಷ್ಟೇ. ನಾನು ರೋಟರಿ ಮಿಷನ್ನಿಗೆ ಉಣ್ಣೆಯ ಪ್ಯಾಡು ಹಾಕಿ, "ಎಣ್ಣೆ ಥರ" ಆಗಲೆಂದು ಕಾಯುತ್ತ, ಏಣಿನ ಮೇಲೆ ಎಂಟು ಹತ್ತು ಬಾರಿ ಆಡಿಸಿದ್ದೆ. ದ್ರವ ಆರಿ, ಪ್ಯಾಡಿನ ತುಂಬ ಸವೆದ ಪೇಂಟಿನ ಹಿಟ್ಟು ಮೆತ್ತಿಕೊಂಡು, ಕೊನೆಕೊನೆಗೆ ಶಾಖವೂ ಸೇರಿಕೊಂಡಿತ್ತು.

ಏಣಿನ ಮೇಲೇ ಏಕೆ ಹೋಯಿತೆಂಬುದಕ್ಕೆ ಕಾರಣ ಸರಳ. ಸಿಂಪಡಿಸಿದ ಪೇಂಟ್ ಹಸಿಯಿರುವಾಗ ಅಂಚಿನಿಂದ ಹಿಂದೆ ಸರಿಯುತ್ತದೆ, ಆದ್ದರಿಂದ ಅಲ್ಲಿ ಪದರ ತೆಳು. ಪ್ಯಾಡಿನ ಒತ್ತಡವೆಲ್ಲ ಬೀಳುವುದೂ ಅದೇ ಸಣ್ಣ ಜಾಗದ ಮೇಲೆ. ಸಮತಟ್ಟಾದ ಜಾಗದಲ್ಲೇ ಕಾರ್ಖಾನೆಯ ಕ್ಲಿಯರ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪವಿರುತ್ತದೆ, ಅಂದರೆ ತಲೆಗೂದಲಿಗಿಂತ ತೆಳು. ನಾವು ಬಳಸುವ ದಪ್ಪ ಅಳೆಯುವ ಮೀಟರು ಎಲ್ಲಕ್ಕಿಂತ ಅಡಿಯ ಪದರವಾದ ಪ್ರೈಮರಿನಿಂದ ಹಿಡಿದು ಕ್ಲಿಯರಿನವರೆಗಿನ ಒಟ್ಟು ದಪ್ಪವನ್ನಷ್ಟೇ ತೋರಿಸುತ್ತದೆ. ಅದು 110 ಎಂದು ತೋರಿಸಿದಾಗ ಅದರಲ್ಲಿ ಕ್ಲಿಯರ್ ಎಷ್ಟೆಂದು ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರಿನ ಮೇಲಂತೂ ಆ ಮೀಟರು ಕೆಲಸವನ್ನೇ ಮಾಡುವುದಿಲ್ಲ. ಇಷ್ಟು ತೆಳುವಾದ ಪದರದಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕವೂ ಸೇರಿರುವುದರಿಂದ ತೂತು ಬೀಳದಿದ್ದರೂ ತೀರಾ ತೆಳುವಾದ ಕ್ಲಿಯರ್ ಕೆಲವು ವರ್ಷಗಳಲ್ಲಿ ಹಾಳಾಗಿ ಸಿಪ್ಪೆ ಏಳಬಹುದು.

ಗಾತ್ರದ ಅಂದಾಜಿಗೆ ಒಂದು ಅಳತೆ ಹೇಳುತ್ತೇನೆ. ಪಿ2000 ವಾಟರ್ ಪೇಪರಿನ (ನೀರು ಹಾಕಿ ಉಜ್ಜುವ ನಯವಾದ ಮರಳು ಕಾಗದದ) ಕಣ ಸುಮಾರು 10 ಮೈಕ್ರಾನ್. ಆ ಕಪ್ಪು ಪೇಪರಿನ ಮೇಲಿರುವುದು ಸಿಲಿಕಾನ್ ಕಾರ್ಬೈಡ್. ಅದು ಅಲ್ಯುಮಿನಿಯಂ ಆಕ್ಸೈಡಿಗಿಂತ ಗಡಸು, ಗಾಜಿನ ಚೂರಿನಂತೆ ಹರಿತವಾಗಿ ಒಡೆಯುವ ಸ್ವಭಾವದ್ದು. ಅದು ಬಿಟ್ಟುಹೋಗುವ ಒಂದೇ ಸಮನಾದ ಗೀರುಗಳನ್ನು ಕಾಂಪೌಂಡ್ ಅಳಿಸಬೇಕು, ಕಾಂಪೌಂಡ್ ಬಿಟ್ಟ ಮಂಜನ್ನು ಪಾಲಿಶ್ ಅಳಿಸಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್ ಇರುವುದರಿಂದ ಗೀರು ಅದಕ್ಕಿಂತ ಸಾಕಷ್ಟು ಚಿಕ್ಕದಾದರೆ ಅದು ಅಲ್ಲೇ ಇದ್ದರೂ ನಮಗೆ ಹೊಳಪಾಗಿ ಕಾಣುತ್ತದೆ. ನಾವು ಗೀರನ್ನು ತೆಗೆಯುತ್ತೇವೆನ್ನುವುದು ಒಂದರ್ಥದಲ್ಲಿ ಸುಳ್ಳು. ಅದನ್ನು ಕಣ್ಣಿಗೆ ಸಿಗದಷ್ಟು ಸಣ್ಣದು ಮಾಡುತ್ತೇವೆ.

ಉಜ್ಜುವ ಉಳಿದ ಪುಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಲಿಕಾ ಮತ್ತು ಡಯಾಟಮ್ ಮಣ್ಣು ಹಳೆಯ ಡಬ್ಬಿ ಪಾಲಿಶುಗಳಲ್ಲಿ ಇರುತ್ತಿದ್ದವು, ಅಗ್ಗದವುಗಳಲ್ಲಿ ಈಗಲೂ ಸಿಗುತ್ತವೆ. ಸೀರಿಯಂ ಆಕ್ಸೈಡ್ ಇರುವುದು ಗಾಜಿಗೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಕಲೆಗಟ್ಟಿದ ಮುಂಗಾಜಿಗೆ ಅದನ್ನು ಬಳಸುತ್ತೇನೆ, ಪೇಂಟಿನ ಹತ್ತಿರ ತರುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆಯೇ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಅದರಲ್ಲೂ ಸಿಲಿಕಾ ಅಥವಾ ಸುಣ್ಣಕಲ್ಲಿನ ಪುಡಿ ಇರುವುದು ನಿಜ, ಆದರೆ ಅದನ್ನು ಅಳತೆ ಮಾಡಿ ಅರೆದಿರುವುದು ಹಲ್ಲಿಗಾಗಿ.

ಎಣ್ಣೆಯ ವಿಷಯವನ್ನು ಮಾತ್ರ ಬಿಡುವಂತಿಲ್ಲ. ಬಹಳಷ್ಟು ಕಾಂಪೌಂಡುಗಳಲ್ಲಿ ಕಣದ ಜೊತೆಗೆ ಗೀರಿನೊಳಗೆ ಕೂತು ಅದನ್ನು ಮರೆಮಾಡುವ ಎಣ್ಣೆಯೋ ಮೇಣವೋ ಇರುತ್ತದೆ. ಹಿಂದೊಮ್ಮೆ ಸಂಜೆ ಕನ್ನಡಿಯಂತೆ ಹೊಳೆಯುತ್ತಿದ್ದ ಕಾರೊಂದು ಮೂರು ಬಾರಿ ತೊಳೆದ ಮೇಲೆ ಜೇಡರ ಬಲೆಯಂಥ ಸುತ್ತುಗೀರುಗಳೊಂದಿಗೆ ಮರಳಿ ಬಂದಾಗ, ತೊಳೆದವನ ಬಟ್ಟೆಯನ್ನೇ ದೂರಿ ಕಳುಹಿಸಿದ್ದೆ. ಆ ಗೀರುಗಳು ನನ್ನವೇ. ಎಣ್ಣೆ ಹೋದೊಡನೆ ಹೊರಬಿದ್ದಿದ್ದವು. ಈಗ ಪ್ರತಿ ಹಂತದ ನಂತರ ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿದ ಮೇಲೆಯೇ ಲೈಟು ಹಿಡಿದು ನೋಡುತ್ತೇನೆ. ಪೇಂಟ್ ಬೂತ್ ಇರುವ ಗ್ಯಾರೇಜಿನಲ್ಲಿ ಸಿಲಿಕೋನ್ ಎಣ್ಣೆಯ ಕಾಂಪೌಂಡನ್ನು ಇಟ್ಟುಕೊಳ್ಳುವುದೇ ಬೇಡ. ಅದರ ಲೇಶ ಪ್ಯಾನೆಲ್ಲಿನ ಮೇಲೆ ಕೂತರೂ ಹೊಸ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಕುಳಿಗಳು ಏಳುತ್ತವೆ.

ಬಾಟಲಿಯ ಮೇಲೆ ಕಣ ಒಡೆಯುವುದೋ ಇಲ್ಲವೋ ಎಂದು ಬರೆದಿರುವುದು ಅಪರೂಪ. ಕೆಲವದರಲ್ಲಿ ಎರಡೂ ಬಗೆಯ ಮಿಶ್ರಣವಿರುತ್ತದೆ. ಆದ್ದರಿಂದ ಗುಜರಿಯಿಂದ ಒಂದು ಕಪ್ಪು ಬಾನೆಟ್ಟನ್ನು ತಂದು ಗೋಡೆಗೆ ಒರಗಿಸಿಟ್ಟಿದ್ದೇವೆ. ಹೊಸ ಬಾಟಲಿ ಬಂದರೆ ಅದರ ಮೇಲೆ ಮಾಸ್ಕಿಂಗ್ ಟೇಪಿನಿಂದ ಒಂದೊಂದು ಅಡಿಯ ನಾಲ್ಕು ಚೌಕ ಮಾಡಿ, ಪಿ2000 ಪೇಪರಿನಿಂದ ಒಂದೇ ಸಮನಾಗಿ ಮಂಕು ಮಾಡಿ, ಒಂದೇ ಪ್ಯಾಡು, ಒಂದೇ ವೇಗದಲ್ಲಿ ಕ್ರಮವಾಗಿ ಎರಡು, ನಾಲ್ಕು, ಆರು, ಎಂಟು ಬಾರಿ ಆಡಿಸುತ್ತೇವೆ. ಬಾರಿ ಹೆಚ್ಚಿದಂತೆ ಮಂಜು ಕಡಿಮೆಯಾಗಿ, ಎಂಟರ ಚೌಕ ಎಲ್ಲಕ್ಕಿಂತ ನಯವಾಗಿದ್ದರೆ ಅದು ಒಡೆಯುವ ಕಣ. ಪೇಪರಿನ ಗೀರು ಹೋದ ಮೇಲೆ ಮುಂದಿನ ಚೌಕಗಳೆಲ್ಲ ಒಂದೇ ಥರ ಕಂಡರೆ ಒಡೆಯದ್ದು.

ಕಳೆದ ವಾರ ಬಂದ ಬಾಟಲಿಯನ್ನು ನಮ್ಮ ಹುಡುಗ ಹೀಗೆ ಪರೀಕ್ಷಿಸಿದ. ನಾಲ್ಕು, ಆರು, ಎಂಟರ ಚೌಕಗಳ ಮೇಲೆ ಲೈಟು ಆಡಿಸಿ, "ಅಣ್ಣಾ, ಮೂರೂ ಒಂದೇ ಥರ ಇದೆ" ಎಂದ. ನಾನೂ ಬಗ್ಗಿ ನೋಡಿದೆ, ಹೌದಾಗಿತ್ತು. ಅವನು ಬಾಟಲಿಯ ಕತ್ತಿಗೆ ಟೇಪು ಸುತ್ತಿ, ಮಾರ್ಕರಿನಿಂದ 4 ಎಂದು ಬರೆದಿಟ್ಟ.